ಎಡಗೈ ಕಸಿ

ಸೆಪ್ಟೆಂಬರ್ ೧೯, ಗುರುವಾರ. ಬೆಳಿಗ್ಗೆ ಏಳು ಗಂಟೆ. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ, ಗಾಜು ಉಜ್ಜುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಬೆಟ್ಟದಿಂದ ಇಳಿದು ಬಂದು ಇಂದಿಗೆ ಐದು ದಿನ. ಅಂಗಡಿ ತೆರೆಯಲು ಇನ್ನೂ ಎರಡೂವರೆ ಗಂಟೆ ಇದೆ.

ಪ್ರೀತಿಯ ಅತ್ತಿಗೆ,

ಎರಡು ಬೀದಿ ಆಚೆ ಇರುವವರಿಗೆ ಅಂಚೆಚೀಟಿ ಹಚ್ಚಿ ಪತ್ರ ಕಳಿಸಿದ್ದು ಗೊತ್ತಾದರೆ ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಗಲಿ. ಎದುರಿಗೆ ಕೂತೇ ಹೇಳೋಣವೆಂದು ಸೋಮವಾರ ಸಂಜೆ ಬಂದಿದ್ದೆ. ನಾನು ಗಂಟಲು ಸರಿಮಾಡಿಕೊಂಡ ಕೂಡಲೇ ನೀವು ಟೀ ಇಡಲು ಎದ್ದಿರಿ. ಟೀ ಕುಡಿದು ಮತ್ತೊಮ್ಮೆ ಗಂಟಲು ಸರಿಮಾಡಿಕೊಂಡೆ. "ಬೆಟ್ಟದ ಗಾಳಿ ಹಿಡಿದಿದೆ ನಿಮಗೆ" ಎಂದು ಬಿಸಿನೀರು ತಂದಿಟ್ಟಿರಿ. ಮೂರನೆಯ ಸಲ ಬಾಯಿ ತೆರೆಯುವ ಹೊತ್ತಿಗೆ ಅಮ್ಮನ ಇನ್ಸುಲಿನ್ ಸೂಜಿಯ ಸಮಯವಾಗಿತ್ತು. ಹೊಟ್ಟೆಯಲ್ಲಿ ಮಾತು, ಹೊಟ್ಟೆಯಲ್ಲೇ ನೀರು, ಎರಡನ್ನೂ ಹೊತ್ತುಕೊಂಡು ಮನೆಗೆ ಬಂದೆ. ಕಾಗದವಾದರೆ, ನೀವು ನಡುವೆ ಎದ್ದು ಹೋದರೂ ಅದು ಮೇಜಿನ ಮೇಲೆ ಬಿದ್ದುಕೊಂಡು ಕಾಯುತ್ತದೆ.

ಮೊದಲು ತಪ್ಪೊಪ್ಪಿಕೊಂಡು ಬಿಡುತ್ತೇನೆ. ಸೇಬಿನ ತೋಟದ ಹಿರಿಯರು ನಿಮ್ಮ ಹತ್ತಿರ ಆಡಿದ್ದೆಲ್ಲ ನನ್ನ ಕಿವಿಗೆ ಬಿದ್ದಿದೆ. ಮೊದಲ ಎರಡು ಮಾತು ತಾವಾಗಿ ಬಿದ್ದವು. ಉಳಿದದ್ದನ್ನು ಬೇಕೆಂದೇ ನಿಂತು ಕೇಳಿಸಿಕೊಂಡೆ.

"ಮೂರು ದಿನ ಎಲ್ಲರೂ ಬೆಟ್ಟಕ್ಕೆ ಹೋಗೋಣ, ತೋಟ ನೋಡ್ಕೊಂಡು ಬರೋಣ" ಎಂದು ನೀವು ಹೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ವಾರಕ್ಕೆ ಆರು ದಿನ ಸಸಿತೋಟದಲ್ಲಿ ಬಗ್ಗಿ ನಿಂಬೆಗೂ ಗುಲಾಬಿಗೂ ಕಸಿ ಕಟ್ಟುವವರು ರಜೆ ಹಾಕಿ ಮತ್ತೆ ಗಿಡವನ್ನೇ ನೋಡಲು ಹೋಗುವುದೆಂದರೆ! "ಮೀನು ಹಿಡಿಯೋನು ರಜೆ ಹಾಕಿ ಮೀನು ನೋಡೋಕೆ ಹೋದನಂತೆ" ಎಂದಳು ಅಮ್ಮ. ಹಾಗೆಂದವಳೇ ಎಲ್ಲರಿಗಿಂತ ಮೊದಲು ಚೀಲ ಕಟ್ಟಿ ಬಾಗಿಲ ಬಳಿ ಕೂತಿದ್ದಳು. ಎಪ್ಪತ್ತೊಂದು ವರ್ಷದಲ್ಲಿ ಅವಳು ಬೆಟ್ಟ ಕಂಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಅಣ್ಣ ಪಂಪು ರಿಪೇರಿಯ ಸ್ಪ್ಯಾನರುಗಳನ್ನು ಯಾಕೆ ತಂದನೋ ಅವನಿಗೇ ಗೊತ್ತು. ಒಂಬತ್ತು ವರ್ಷದ ನಿಮ್ಮ ಮರಿ ಮುಂದಿನ ಸೀಟಿನಲ್ಲಿ ಕೂತು ರಸ್ತೆಯ ತಿರುವುಗಳನ್ನು ಎಣಿಸಿದಳು. ಹತ್ತೊಂಬತ್ತನೆಯ ತಿರುವಿನಲ್ಲಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿಕೊಂಡು, "ಕನ್ನಡಕತ್ತೆ, ನಾನು ಹತ್ತೊಂಬತ್ತರಲ್ಲಿ ಇದ್ದೆ ಅಲ್ವಾ?" ಎಂದು ಲೆಕ್ಕ ಮುಂದುವರಿಸಿದಳು. ಹಿಡಿದದ್ದು ಬಿಡದ ಸ್ವಭಾವ. ಅದು ನಮ್ಮ ಕಡೆಯಿಂದ ಬಂದದ್ದಲ್ಲ.

ನಿಮ್ಮನ್ನು ನಾನು ಗಮನಿಸಿದ್ದು ಮೊದಲ ದಿನದ ಗುಲಾಬಿ ತೋಟದಲ್ಲಿ. ಎಲ್ಲರೂ ಹೂವಿಗೆ ಮೂಗು ಹಚ್ಚುತ್ತಿದ್ದರೆ ನೀವು ಗಿಡದ ಬುಡಕ್ಕೆ ಬಗ್ಗುತ್ತಿದ್ದಿರಿ. ಕಸಿ ಕೂಡಿದ ಗಂಟನ್ನು ಹೆಬ್ಬೆರಳಿನಿಂದ ಸವರಿ, ಒಂದಕ್ಕೆ ತಲೆದೂಗಿ, ಇನ್ನೊಂದಕ್ಕೆ ಹುಬ್ಬು ಗಂಟಿಕ್ಕಿ ಮುಂದೆ ಹೋಗುತ್ತಿದ್ದಿರಿ. ನಾನೂ ಹಾಗೆಯೇ ಅಲ್ಲವೇ? ಯಾರಾದರೂ ನಕ್ಕರೆ ಮೊದಲು ನನಗೆ ಕಾಣುವುದು ಅವರ ಕನ್ನಡಕದ ಕಾಲು ಕಿವಿಯ ಮೇಲೆ ಸರಿಯಾಗಿ ಕೂತಿದೆಯೇ ಎಂಬುದು. ಆದರೆ ನಿಮ್ಮಷ್ಟು ಪ್ರೀತಿಯಿಂದ ನಾನು ಯಾರ ಕಿವಿಯನ್ನೂ ನೋಡಿಲ್ಲ.

ಅಮ್ಮ ಅಷ್ಟರಲ್ಲಿ ತನ್ನ ಕೆಲಸ ಶುರುಮಾಡಿದ್ದಳು. ಮಾಲಿ ಬೆನ್ನು ತಿರುಗಿಸಿದಾಗೆಲ್ಲ ಒಂದು ಕಡ್ಡಿ ಲಟಕ್ ಎನ್ನುವುದು, ಒದ್ದೆ ಕರ್ಚೀಫಿನಲ್ಲಿ ಸುತ್ತಿಕೊಂಡು ಮಡಿಸಿದ ಛತ್ರಿಯೊಳಗೆ ಮಾಯವಾಗುವುದು. ನೀವು ಕಂಡಿರಿ.

"ಅತ್ತೆ, ಇಲ್ಲಿಂದ ಗಿಡ ಕೆಳಗೆ ಒಯ್ಯೋ ಹಾಗಿಲ್ಲ. ಬೇರಿಗೆ ಹುಳ ಬಿದ್ದಿದೆಯಂತೆ, ದಾರೀಲಿ ಬೋರ್ಡ್ ಹಾಕಿದ್ರು."

"ನನ್ನ ಛತ್ರಿಯೊಳಗೆ ಯಾವ ಹುಳ ಬರುತ್ತೆ? ಕದ್ದ ಕಡ್ಡಿಗೆ ಬೇರು ಬೇಗ ಬಿಡುತ್ತೆ. ನಿನ್ನ ಓದಿನಲ್ಲಿ ಅದು ಬರೆದಿಲ್ವಾ?"

ನೀವು ನಕ್ಕು ಗಡಿಯಾರ ನೋಡಿಕೊಂಡಿರಿ. "ಉಸಿರು ಹೇಗಿದೆ ಅತ್ತೆ?" ಎಂದು ಅವಳ ಬೆನ್ನ ಮೇಲೆ ಕೈ ಇಟ್ಟು ಒಂದು ನಿಮಿಷ ಸುಮ್ಮನೆ ನಿಂತಿರಿ. ಸೊಸೆ ಅತ್ತೆಯ ಬೆನ್ನು ಸವರುತ್ತಿದ್ದಾಳೆ ಎಂದುಕೊಂಡೆ. ಸಂಜೆ ತಂಗಿದ ಮನೆಯಲ್ಲೂ ಅದೇ ಕೈ, ಅದೇ ಒಂದು ನಿಮಿಷ. ಮರುದಿನ ಬೆಳಿಗ್ಗೆ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿದ ತರಕಾರಿ ಹೊಲದಲ್ಲೂ ಅದೇ.

ಆ ಹೊಲದಲ್ಲಿ ಕ್ಯಾರೆಟ್ ತೊಳೆಯುತ್ತಿದ್ದ ಹೆಂಗಸು ನೆನಪಿದೆಯೇ? ಮೊಣಕೈವರೆಗೆ ತಣ್ಣೀರಿನಲ್ಲಿ ಕೈ ಅದ್ದಿಕೊಂಡು, ಬುಟ್ಟಿಯನ್ನು ಮಗು ತೂಗಿದಂತೆ ತೂಗುತ್ತಿದ್ದಳು. ನೀವು ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ಮೂಸಿದಿರಿ. ಹಿಮ ಯಾವ ತಿಂಗಳಿಂದ ಬೀಳುತ್ತದೆ ಎಂದು ಕೇಳಿದಿರಿ. ಸರಿ, ಅದು ನಿಮ್ಮ ಕಸುಬಿನ ಪ್ರಶ್ನೆ. ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ ಎಂದು ಕೇಳಿದಿರಿ. ಕುತೂಹಲ ಇರಬಹುದು. ಆಮೇಲೆ ಔಷಧಿ ಅಂಗಡಿ ಎಷ್ಟು ದೂರ, ಅಲ್ಲಿ ಫ್ರಿಜ್ ಇದೆಯೇ ಎಂದು ಕೇಳಿದಿರಿ.

"ಏನಮ್ಮಾ, ಇಲ್ಲೇ ಸಂಸಾರ ಹೂಡೋ ಹಾಗೆ ಕೇಳ್ತಿದೀಯಲ್ಲ!" ಎಂದಳು ಆಕೆ.

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆದರೆ ನಿಮ್ಮ ಕಿವಿ ಕೆಂಪಾಯಿತು. ಕಿವಿ ನೋಡುವ ಅಭ್ಯಾಸ ನನಗೆ ಇದೆ ಎಂದೆನಲ್ಲ.

ಮಧ್ಯಾಹ್ನ ಸೇಬಿನ ತೋಟ. ಇದನ್ನು ನಾನು ವಿವರವಾಗಿ ಬರೆಯಬೇಕು. ಯಾಕೆಂದರೆ ನೀವು ಅಲ್ಲಿ ಹೇಗೆ ಕಂಡಿರಿ ಎಂಬುದು ನಿಮಗೆ ಗೊತ್ತಿಲ್ಲ. ಎಳೆ ಗಿಡಗಳ ಸಾಲು. ಇಬ್ಬರು ಹುಡುಗಿಯರು ಮಣೆಯ ಮೇಲೆ ಕೂತು ಸರಿಯುತ್ತ ಸರಿಯುತ್ತ ಕಸಿ ಕಟ್ಟುತ್ತಿದ್ದರು. ಬೇರುಸಸಿಯ ತೊಗಟೆ ಸೀಳಿ, ಒಳ್ಳೆಯ ಜಾತಿಯ ಗಿಡದಿಂದ ತೆಗೆದ, ಚಿಗುರೊಡೆಯುವ ಒಂದು ಕಣ್ಣನ್ನು ಅದರೊಳಗೆ ಕೂರಿಸಿ, ಪಟ್ಟಿ ಸುತ್ತುವುದು. ನಿಮ್ಮಿಂದ ಕೇಳಿ ಕೇಳಿ ನನಗೂ ಅಷ್ಟು ಗೊತ್ತು. ನೋಡುವವರು ಹಗ್ಗದ ಈಚೆ ನಿಲ್ಲಬೇಕು. ನೀವು ನಿಂತಿರಿ. ಒಂದು ಗಿಡ, ಎರಡು ಗಿಡ, ಮೂರು ಗಿಡ. ನಿಮ್ಮ ಎಡಗೈ ಬೆರಳುಗಳು ತಾವಾಗಿಯೇ ಆಡುತ್ತಿದ್ದವು. ನಾಲ್ಕನೆಯ ಗಿಡಕ್ಕೆ ನೀವು ಹಗ್ಗ ದಾಟಿದಿರಿ.

"ಕಣ್ಣು ಮುಚ್ಚಿ ಕಟ್ತಿದೀಯಲ್ಲಮ್ಮ, ಅದಕ್ಕೆ ಉಸಿರು ಕಟ್ಟಲ್ವಾ? ಕಣ್ಣು ಬಿಟ್ಟು ಮೇಲೆ ಕೆಳಗೆ ಸುತ್ತು. ಕೊಯ್ತಾನೂ ಉದ್ದ ಆಯ್ತು, ನೋಡು."

ಕೈಚೀಲದಿಂದ ಚಾಕು ಬಂತು. ಪ್ರವಾಸಕ್ಕೆ ಹೊರಟವರು ಬಾಚಣಿಗೆ, ಕನ್ನಡಿ ಇಟ್ಟುಕೊಳ್ಳುತ್ತಾರೆ. ನೀವು ಕಸಿ ಚಾಕು ಇಟ್ಟುಕೊಂಡಿದ್ದಿರಿ. ಕಾವಲುಗಾರ ಕೋಲು ಹಿಡಿದು ಓಡಿಬಂದ.

"ರೀ, ಏನ್ರೀ ಅದು! ಒಳಗೆ ಬರಬಾರದು ಅಂತ ಬೋರ್ಡ್ ಹಾಕಿದೀವಲ್ಲ, ಓದೋಕೆ ಬರಲ್ವಾ?"

ಆಗ ಅಮ್ಮ, ಬೆಳಗಿನಿಂದ ನಿಮ್ಮ ಟೀ ತಣ್ಣಗಿದೆ, ನಿಮ್ಮ ನಡಿಗೆ ಜೋರು, ನಿಮಗೆ ಚಳಿಯ ಬಟ್ಟೆ ಕಟ್ಟಿಕೊಳ್ಳಲೂ ಗೊತ್ತಿಲ್ಲ ಎಂದು ಬೈಯುತ್ತಲೇ ಬಂದಿದ್ದ ಅಮ್ಮ, ಛತ್ರಿ ಊರಿಕೊಂಡು ಮುಂದೆ ಬಂದಳು. "ಅವಳಿಗೆ ಓದೋಕೆ ಬರುತ್ತಪ್ಪ. ನಿಮ್ಮೋರಿಗೆ ಕಟ್ಟೋಕೆ ಬರಲ್ಲ, ಅಷ್ಟೆ." ಅಣ್ಣನಿಗೆ ಅದನ್ನು ಕೇಳುವ ಭಾಗ್ಯ ಇರಲಿಲ್ಲ. ತೋಟದ ಪಂಪು ಗೊರಗೊರ ಅನ್ನುವುದು ಕಿವಿಗೆ ಬಿದ್ದು, ಅವನು ಆಗಲೇ ಅದರ ಪಕ್ಕ ಬೋರಲಾಗಿ ಮಲಗಿದ್ದ. ನಮ್ಮ ಮನೆಯವರನ್ನು ಎಲ್ಲಿಗೂ ಕರೆದುಕೊಂಡು ಹೋಗಬಾರದು.

ಗಲಾಟೆ ಕೇಳಿ ಹಿರಿಯರು ಬಂದರು. ಆ ತೋಟದ ಮೇಲ್ವಿಚಾರಕರು. ಕಾವಲುಗಾರ ಕೋಲು ಇಳಿಸಿದ್ದರಿಂದ ಗೊತ್ತಾಯಿತು. ಅವರು ನಿಮ್ಮ ಮುಖ ನೋಡಲಿಲ್ಲ. ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ನೀವು ಕೂರಿಸಿದ ಕಣ್ಣನ್ನು ನೋಡಿದರು, ಕನ್ನಡಕ ಹಣೆಗೇರಿಸಿ ಇನ್ನೊಮ್ಮೆ ನೋಡಿದರು. ಅವರ ಬಲಗಡೆಯ ಗಾಜು ಎರಡು ಮಿಲಿಮೀಟರ್ ಕೆಳಗೆ ಕೂತಿತ್ತು, ಪಾಪ. ದಿನವೆಲ್ಲ ತಲೆನೋವು ಇದ್ದೇ ಇರುತ್ತದೆ. "ಇದು ಎಡಗೈ ಕೊಯ್ತ" ಎಂದರು. ಓರೆ ಆ ಕಡೆ ಹೋಗುವ ಬದಲು ಈ ಕಡೆ ಬಂದಿದೆ ಎಂದು ಹುಡುಗಿಯರಿಗೆ ತೋರಿಸಿದರು. ಆಮೇಲೆ ನಿಧಾನವಾಗಿ ಎದ್ದು ನಿಮ್ಮನ್ನು ನೋಡಿದರು. ನೀವು ತುಟಿಯ ಮೇಲೆ ಬೆರಳಿಡಲಿಲ್ಲ; ಆದರೆ ಕಣ್ಣಲ್ಲಿ ಅದನ್ನೇ ಮಾಡಿದಿರಿ. ಅಮ್ಮನನ್ನೂ ಮರಿಯನ್ನೂ ಟೀ ಅಂಗಡಿಗೆ ಕಳಿಸಿದಿರಿ. ನನ್ನನ್ನೂ ಕಳಿಸಿದ್ದಿರಿ. ನಾನು ಗೊಬ್ಬರದ ಕೊಟ್ಟಿಗೆಯ ಪಕ್ಕ ಶೂ ಲೇಸ್ ಕಟ್ಟಿಕೊಳ್ಳಲು ನಿಂತೆ. ಅಷ್ಟು ಹೊತ್ತು ಯಾರೂ ಶೂ ಲೇಸ್ ಕಟ್ಟಿಕೊಳ್ಳುವುದಿಲ್ಲ.

"ಮಾದರಿಗೆ ಅಂತ ಆ ಹತ್ತು ಕಸಿ ಗಿಡ ಕಳಿಸಿದ್ದು ನೀವೇ ತಾನೆ? ಹತ್ತಕ್ಕೆ ಹತ್ತೂ ಹಿಡಿದವು. ನಾನು ಪತ್ರ ಬರೆದು ಎರಡು ತಿಂಗಳಾಯ್ತಲ್ಲಮ್ಮ. ಹೂಂ ಅಂತಾನೂ ಇಲ್ಲ, ಊಹೂಂ ಅಂತಾನೂ ಇಲ್ಲ."

"ಮನೇಲಿ ಕೇಳಬೇಕಿತ್ತು."

"ಕೇಳಿದ್ರಾ?"

"ಇಲ್ಲ."

ಅವರು ನಕ್ಕರು. ತಮ್ಮ ಕಣ್ಣು ಮಂಜಾಗುತ್ತಿದೆ, ಕಸಿಮನೆಯನ್ನು ಯಾರ ಕೈಗಾದರೂ ಒಪ್ಪಿಸಬೇಕು ಎಂದರು. ಮೊದಲು ಎರಡು ವರ್ಷಕ್ಕೆ, ಆಮೇಲೆ ನಿಮ್ಮಿಷ್ಟ. ಇರಲು ಮನೆ ಬೆಟ್ಟದ ನೆತ್ತಿಯಲ್ಲಿ, ಗಾಜಿನ ಮನೆಯ ಹಿಂದೆ. ನೀಲಿ ಬಾಗಿಲುಗಳ ಸಾಲಿನಲ್ಲಿ ಮೂರನೆಯದು. ಉತ್ತರ ಈ ತಿಂಗಳ ಕೊನೆಯೊಳಗೆ ಬೇಕು. ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತಾರೆ. ಆಮೇಲೆ ಹೇಳಿದ ಮಾತನ್ನು ನಾನು ಹಾಗೆಯೇ ಎತ್ತಿಕೊಂಡು ಬಂದಿದ್ದೇನೆ: "ಇಲ್ಲಿ ಪ್ರತಿ ಗಿಡದ ತಗಡಿನ ಮೇಲೆ ಕಟ್ಟಿದವರ ಗುರುತು ಹಾಕ್ತೀವಿ. ನಿಮ್ಮ ಗುರುತು ಯಾವುದು ಅಂತ ನೀವು ತಿಳಿಸಿರಲಿಲ್ಲ, ಅದಕ್ಕೇ ನಿಮ್ಮ ಹತ್ತಕ್ಕೆ 'ಎಡಗೈ' ಅಂತಲೇ ಬರೆದಿದೀವಿ."

ನಿಮ್ಮ ಈಗಿನ ಸಸಿತೋಟದಲ್ಲಿ ನೀವು ಕಟ್ಟಿದ ಗಿಡಗಳೆಲ್ಲ ಮಾಲೀಕರ ಮುದ್ರೆ ಹೊತ್ತು ಹೋಗುತ್ತವೆ. ಹದಿಮೂರು ವರ್ಷದ ಗಿಡಗಳು. ಅದರ ಬಗ್ಗೆ ನೀವು ಒಮ್ಮೆಯೂ ಗೊಣಗಿದ್ದು ನನಗೆ ನೆನಪಿಲ್ಲ. ಆದರೆ ಆ ಮಾತು ಕೇಳಿ ನೀವು ಹತ್ತಿರದ ಗಿಡದ ತಗಡನ್ನು ಹೆಬ್ಬೆರಳಿನಿಂದ ಸವರಿದ್ದನ್ನು ನೋಡಿದೆ. ಅಷ್ಟು ಆಸೆ ಇದ್ದವರು ಅಷ್ಟು ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಎಲ್ಲೂ ಕಂಡಿಲ್ಲ.

"ನಮ್ಮತ್ತೆ ಉಸಿರಿಗೆ ಈ ಎತ್ತರ ಒಗ್ಗುತ್ತಾ ನೋಡಬೇಕು" ಎಂದಿರಿ ಕೊನೆಗೆ. "ಡಾಕ್ಟರ್ ಹೇಳಿದ್ದಾರೆ, ಒಗ್ಗಬಹುದು, ಒಗ್ಗದೇ ಇರಬಹುದು, ಕರ್ಕೊಂಡು ಹೋಗಿಯೇ ನೋಡಬೇಕು ಅಂತ. ಇಲ್ಲಿವರೆಗೆ ಪರವಾಗಿಲ್ಲ. ನಾಳೆ ಮೇಲಕ್ಕೆ ಕರ್ಕೊಂಡು ಹೋಗ್ತೀನಿ. ಅವರನ್ನ ಬಿಟ್ಟು ಬರೋಕಾಗಲ್ಲ."

ಆಗ ನನಗೆ ಗಡಿಯಾರದ ಅರ್ಥವಾಯಿತು. ನೀವು ನಮ್ಮನ್ನು ಪ್ರವಾಸಕ್ಕೆ ಕರೆದುಕೊಂಡು ಬಂದಿರಲಿಲ್ಲ. ಹೊಸ ಮಣ್ಣಿಗೆ ಹಾಕುವ ಮುಂಚೆ ಬೇರು ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಿರಿ. ಒಂದೊಂದು ತೋಟಕ್ಕೆ ಒಂದೊಂದು ಎತ್ತರ, ನಡುವೆ ಒಂದು ಇಡೀ ಸಂಜೆಯ ವಿಶ್ರಾಂತಿ. ಗುಲಾಬಿ ನೋಡಿ ಅಮ್ಮನಿಗೆ ಖುಷಿಯಾಯಿತು, ಅಣ್ಣನಿಗೆ ಪಂಪು ಸಿಕ್ಕಿತು, ಮರಿಗೆ ತಿರುವು ಸಿಕ್ಕಿತು. ಎಲ್ಲರಿಗೂ ಅವರವರ ಪ್ರವಾಸ ಕೊಟ್ಟು, ನಿಮ್ಮದನ್ನು ಯಾರಿಗೂ ಕಾಣದ ಹಾಗೆ ಒಳಗೆ ಇಟ್ಟುಕೊಂಡಿದ್ದಿರಿ. ನನಗೆ ನಿಮ್ಮ ಮೇಲೆ ಕೋಪ ಬರಬೇಕಿತ್ತೇನೋ. ಬರಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸ ನೋಡಿದಾಗ ನನಗೆ ಬರುವುದು ಕೋಪವಲ್ಲ.

ಮೂರನೆಯ ದಿನ ನೆತ್ತಿಗೆ ಹತ್ತುವಾಗ ವ್ಯಾನಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಾನು ಅಮ್ಮನ ಹೆಗಲನ್ನೇ ನೋಡುತ್ತಿದ್ದೆ: ಏರುತ್ತಿದೆ, ಇಳಿಯುತ್ತಿದೆ. ತಾಯಿಯ ಉಸಿರನ್ನು ಅಷ್ಟು ಹೊತ್ತು ನೋಡಿದ್ದು ನನ್ನ ಮೂವತ್ತೆಂಟು ವರ್ಷದಲ್ಲಿ ಅದೇ ಮೊದಲು. ವ್ಯಾನು ನಿಂತ ಜಾಗದಿಂದ ಗಾಜಿನ ಮನೆಗೆ ಎಂಬತ್ತು ಮೆಟ್ಟಿಲು. ನೀವು ತೋಳು ಕೊಟ್ಟಿರಿ. ಹತ್ತು ಮೆಟ್ಟಿಲಿಗೊಮ್ಮೆ ನಿಂತು, ಹೂವು ತೋರಿಸುವ ನೆಪ ಮಾಡಿ, ಕೈ ಬೆನ್ನಿಗೆ. ನಲವತ್ತನೆಯ ಮೆಟ್ಟಿಲಲ್ಲಿ ಅವಳು ಕಲ್ಲುಬೆಂಚಿನ ಮೇಲೆ ಕೂತಳು.

"ಏನೇ ಹುಡುಗಿ, ನನ್ನ ಉಸಿರು ಎಣಿಸೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ?"

"ಹೌದು ಅತ್ತೆ" ಎಂದಿರಿ.

ಅಣ್ಣ ನಕ್ಕ, ಮರಿ ನಕ್ಕಳು, ಅಮ್ಮನೂ ಅರ್ಧ ನಕ್ಕು ಕೆಮ್ಮಿದಳು. ಸುಳ್ಳು ಹೇಳಲು ಬಾರದವರು ನಿಜವನ್ನೇ ಹೀಗೆ ತಮಾಷೆಯ ಹಾಗೆ ಹೇಳಿ ದಾಟಿಕೊಳ್ಳುತ್ತಾರೆ ಎಂದು ಅಂದು ಗೊತ್ತಾಯಿತು.

ಅರ್ಧ ಗಂಟೆ ಕೂರಿಸಿದಿರಿ. ಬಿಸಿನೀರು ಕುಡಿಸಿದಿರಿ. ಮತ್ತೆ ಎಣಿಸಿದಿರಿ. ಇನ್ನೊಂದು ಅರ್ಧ ಗಂಟೆ. ಕೆಳಗೆ ಹದಿನೆಂಟು ಇದ್ದದ್ದು ಕೂತಲ್ಲೇ ಮೂವತ್ತೊಂದು, ಆಮೇಲೆಯೂ ಮೂವತ್ತು. ನಾನು ಪಕ್ಕದಲ್ಲಿ ನಿಂತು ನನ್ನ ಗಡಿಯಾರದಲ್ಲಿ ಎಣಿಸುತ್ತಿದ್ದೆ, ನಿಮಗೆ ಗೊತ್ತಿರಲಿಲ್ಲ. ಅವಳ ತುಟಿ ಬಣ್ಣಗೆಟ್ಟಿತ್ತು. ಮೂರನೆಯ ಸಲ ಎಣಿಸಿದ ಮೇಲೆ ನೀವು ಗಡಿಯಾರವನ್ನು ಕೈಯಿಂದ ಬಿಚ್ಚಿ ಚೀಲದೊಳಗೆ ಹಾಕಿದಿರಿ.

"ಇಳಿಯೋಣ" ಎಂದಿರಿ.

"ಅಮ್ಮಾ, ಗಾಜಿನ ಮನೆ ನೋಡಲೇ ಇಲ್ಲ!" ಎಂದು ಮರಿ ಕಾಲು ಅಪ್ಪಳಿಸಿದಳು. "ಕನ್ನಡಕತ್ತೆ ಜೊತೆ ಹೋಗಿ ನೋಡ್ಕೊಂಡು ಬಾ, ಅಜ್ಜೀನ ನಾನು ಇಳಿಸ್ತೀನಿ" ಎಂದಿರಿ. ಮೇಲೆ ನೀಲಿ ಬಾಗಿಲುಗಳು ಕಾಣುತ್ತಿದ್ದವು. ನೀವು ತಲೆ ಎತ್ತಲಿಲ್ಲ. ಬೇಡವೆಂದು ತೀರ್ಮಾನಿಸಿದ ಮೇಲೆ ನೋಡುವುದೂ ಬೇಡ ಎಂಬ ಹಾಗೆ, ಅಮ್ಮನ ಹೆಜ್ಜೆಯ ಮೇಲೆ ಕಣ್ಣಿಟ್ಟು ನಲವತ್ತು ಮೆಟ್ಟಿಲು ಇಳಿದಿರಿ.

ದಾರಿಯಲ್ಲಿ ನೀವು ಮುಖ ಗಂಟು ಹಾಕಿಕೊಳ್ಳಲಿಲ್ಲ. ಬೇಯಿಸಿದ ಜೋಳ ಕೊಡಿಸಿದಿರಿ. ಚಾಲಕರ ಮಗಳ ಪರೀಕ್ಷೆಯ ಬಗ್ಗೆ ಕೇಳಿದಿರಿ. ಬೆಟ್ಟದ ಬುಡದ ತಪಾಸಣೆ ಚೌಕಿಯಲ್ಲಿ ಕಾವಲಿನವನು ತಲೆ ತೂರಿಸಿ, "ಗಿಡ, ಕಡ್ಡಿ, ಬೇರು, ಏನಾದ್ರೂ ಇದೆಯಾ?" ಎಂದ. ಚಾಲಕರು ಇಲ್ಲ ಎಂದರು. ಅಣ್ಣ ಇಲ್ಲ ಎಂದ. ಅಮ್ಮ ಕಣ್ಣು ಮುಚ್ಚಿ ಗೊರಕೆ ಶುರುಮಾಡಿದಳು.

"ಇದೆ" ಎಂದಿರಿ ನೀವು. ಛತ್ರಿ ಬಿಚ್ಚಿ ಹದಿನಾಲ್ಕು ಕಡ್ಡಿ ತೆಗೆದು ಅವನ ತಟ್ಟೆಯಲ್ಲಿ ಸಾಲಾಗಿ ಇಟ್ಟಿರಿ. ಗೊರಕೆ ನಿಂತಿತು.

"ಮನೇಲೇ ಇಂಥ ಸೊಸೆ ಇದ್ದ ಮೇಲೆ ಪೊಲೀಸು ಯಾಕೆ ಬೇಕು?"

"ಮೇಲಿನ ಹುಳ ಕೆಳಗೆ ಇಳಿದ್ರೆ ನಮ್ಮ ಕಡೆ ಗುಲಾಬಿ ಒಂದೂ ಉಳಿಯಲ್ಲ ಅತ್ತೆ."

ಅವಳು ಎರಡು ದಿನ ನಿಮ್ಮ ಜೊತೆ ಮಾತಾಡಲಿಲ್ಲ; ಸೂಜಿಗೆ ಮಾತ್ರ ಮುಖ ಆ ಕಡೆ ಮಾಡಿಕೊಂಡು ಹೊಟ್ಟೆ ಒಡ್ಡಿದಳು. ನಾನು ಮಾತ್ರ ಆ ತಟ್ಟೆಯನ್ನು ಯೋಚಿಸುತ್ತಿದ್ದೆ. ತಮ್ಮ ಆಸೆಯನ್ನು ಆವತ್ತೇ ಬೆಟ್ಟದ ಮೇಲೆ ಬಿಟ್ಟು ಬಂದವರು, ಬೇರೆ ಯಾರೇ ಆಗಿದ್ದರೂ, ಹದಿನಾಲ್ಕು ಕಡ್ಡಿಯ ಗೊಡವೆಗೆ ಹೋಗುತ್ತಿರಲಿಲ್ಲ. ಹಾಳಾಗಿ ಹೋಗಲಿ ಎನ್ನುತ್ತಿದ್ದರು. ನೀವು ಯಾರದೋ ಗುಲಾಬಿಯನ್ನು ನೆನೆಸಿಕೊಂಡಿರಿ.

ಈಗ ನಾನು ಹನ್ನೊಂದು ವರ್ಷದಿಂದ ಹೇಳದ ಮಾತು.

ಅಮ್ಮನಿಗೆ ಸಕ್ಕರೆ ಕಾಯಿಲೆ ಏರಿ ಸೂಜಿ ಶುರುವಾದಾಗ ನೀವು ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ನರ್ಸ್ ಮನೆಗೆ ಬಂದು, "ಮಗಳೇ ಕಲಿತುಕೊಂಡರೆ ಒಳ್ಳೇದು" ಎಂದು ಸಿರಿಂಜನ್ನು ನನ್ನ ಕಡೆ ಚಾಚಿದರು. ನಾನು ಕೈ ಹಿಂದೆ ಎಳೆದುಕೊಂಡು, "ನನ್ನ ಕೈ ನಡುಗುತ್ತೆ" ಎಂದೆ. ನೀವು ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, "ಕೊಡಿ, ನಾನು ಕಲೀತೀನಿ. ಎಡಗೈ ಆದ್ರೆ ನಡೆಯುತ್ತಾ?" ಎಂದಿರಿ. ಅಂದಿನಿಂದ ಬೆಳಿಗ್ಗೆ ಒಂದು, ಸಂಜೆ ಒಂದು. ನಿನ್ನೆ ಲೆಕ್ಕ ಹಾಕಿದೆ: ಎಂಟು ಸಾವಿರ ಸಲ. ನಿಮಗೆ ಜ್ವರ ಬಂದ ದಿನವೂ, ಮರಿ ಹುಟ್ಟಿ ಮೂರನೆಯ ದಿನವೂ. ಅಣ್ಣ ಒಮ್ಮೆ ಪ್ರಯತ್ನಿಸಿ ತಾನೇ ತಲೆ ಸುತ್ತಿ ಬಿದ್ದ ಮೇಲೆ ಅವನನ್ನು ಯಾರೂ ಕೇಳಲಿಲ್ಲ.

ಅತ್ತಿಗೆ, ನನ್ನ ಕೈ ನಡುಗುವುದಿಲ್ಲ. ಯಾವತ್ತೂ ನಡುಗಿಲ್ಲ. ಕೂದಲೆಳೆಯ ಅರ್ಧದಷ್ಟು ವ್ಯತ್ಯಾಸವನ್ನು ಗಾಜಿನ ಅಂಚಿನಲ್ಲಿ ಬೆರಳಿನಿಂದ ಕಂಡುಹಿಡಿಯುವ ಕೈ ಇದು. ಊರಿನ ಅರ್ಧ ಜನ ಈ ಕೈ ಉಜ್ಜಿದ ಗಾಜಿನಿಂದ ಪೇಪರ್ ಓದುತ್ತಾರೆ. ನಡುಗಿದ್ದು ಬೇರೆ ಏನೋ. ಒಮ್ಮೆ ಸೂಜಿ ಕಲಿತುಬಿಟ್ಟರೆ ಆ ಮನೆಯಿಂದ ನಾನು ಹೊರಗೆ ಬರುವುದೇ ಇಲ್ಲ ಎಂದು ಹೆದರಿದೆ. ಮುಂದಿನ ತಿಂಗಳೇ ಅಂಗಡಿಯ ಮೇಲಿನ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದೆ. ಒಂದು ಕುರ್ಚಿ, ಕಿಟಕಿಯ ಬೆಳಕು, ಓದಲು ಪುಸ್ತಕ, ಯಾರೂ ಮಾತಾಡಿಸದ ಸಂಜೆ. ಹನ್ನೊಂದು ವರ್ಷ ಬಹಳ ಸುಖವಾಗಿದ್ದೆ. ಆ ಸುಖವನ್ನು ದಿನಕ್ಕೆ ಎರಡು ಸಲ ಯಾರು ಒದಗಿಸುತ್ತಿದ್ದರು ಎಂದು ಯೋಚಿಸಲಿಲ್ಲ. "ಪಾಪ, ಅವರ ಕೈ ನಡುಗುತ್ತೆ" ಎಂದು ನೀವು ಬಂದವರಿಗೆಲ್ಲ ನನ್ನ ಪರವಾಗಿ ಹೇಳುತ್ತಿದ್ದಿರಿ. ಕನ್ನಡಕ ಮಾಡುವವಳ ಕೈ ನಡುಗುತ್ತದೆಯೇ ಎಂದು ನಿಮಗೆ ಒಂದು ದಿನವೂ ಅನುಮಾನ ಬರಲಿಲ್ಲವೇ? ಬಂದಿತ್ತು ಎಂದೇ ನನ್ನ ಎಣಿಕೆ. ಬಂದೂ ನೀವು ಕೇಳಲಿಲ್ಲ.

ಅಮ್ಮನ ಉಸಿರಿಗೆ ಬೆಟ್ಟ ಒಗ್ಗುವುದಿಲ್ಲ. ಸರಿ. ಆದ್ದರಿಂದ ಅಮ್ಮ ಇಲ್ಲೇ ಇರಬೇಕು. ಅದರಿಂದ ನೀವೂ ಇಲ್ಲೇ ಇರಬೇಕು ಎಂದು ನೀವು ತೀರ್ಮಾನಿಸಿದಿರಲ್ಲ, ಅಲ್ಲಿ ಒಂದು ತಪ್ಪಿದೆ. ನಡುವೆ ಇನ್ನೊಬ್ಬಳು ಇದ್ದಾಳೆ, ಅವಳನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ತಪ್ಪು ನಿಮ್ಮದಲ್ಲ, ಲೆಕ್ಕಕ್ಕೆ ಸಿಗದ ಹಾಗೆ ಅವಳೇ ನಿಂತಿದ್ದಳು.

ನೀವು ನೋಡದೆ ಬಂದದ್ದನ್ನು ನಾನು ನೋಡಿಕೊಂಡು ಬಂದಿದ್ದೇನೆ. ಮರಿ ಗಾಜಿನ ಮನೆಯಲ್ಲಿ ಜರೀಗಿಡಗಳನ್ನು ಎಣಿಸುತ್ತಿದ್ದಾಗ ನಾನು ಹಿಂದೆ ಹೋದೆ. ಮೂರನೆಯ ಬಾಗಿಲಿಗೆ ಬೀಗ ಇತ್ತು, ಕಿಟಕಿಗೆ ಪರದೆ ಇರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯ ಕಿಟಕಿ ಪೂರ್ವಕ್ಕೆ ತೆರೆಯುತ್ತದೆ. ಗೋಡೆಯಲ್ಲಿ ಮೂರು ಹಲಗೆಯ ಕಪಾಟಿದೆ, ಕೆಳಗಿನದು ಮರಿಯ ಎತ್ತರಕ್ಕೆ ಸರಿಯಾಗಿದೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದು ಅಣ್ಣನ ಪಾಲು. ಹಿತ್ತಿಲಲ್ಲಿ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲದ ಮಣ್ಣು ಬರಿದೇ ಬಿದ್ದಿದೆ. ಶಾಲೆ ಎಲ್ಲಿ ಎಂದು ಅಲ್ಲೇ ಬಟ್ಟೆ ಒಣಗಿಸುತ್ತಿದ್ದವರನ್ನು ಕೇಳಿದೆ: ಇಳಿಯುವಾಗ ಹದಿನೈದು ನಿಮಿಷ, ಹತ್ತುವಾಗ ಇಪ್ಪತ್ತೈದು. ಅಣ್ಣನ ಕೆಲಸದ ಬಗ್ಗೆ ನನಗೆ ಚಿಂತೆಯಿಲ್ಲ. ನೀವು ಹಿರಿಯರ ಜೊತೆ ಮಾತಾಡುತ್ತಿದ್ದ ಅರ್ಧ ಗಂಟೆಯಲ್ಲಿ ಅವನು ಆ ಪಂಪಿನ ಗೊರಗೊರ ನಿಲ್ಲಿಸಿದ್ದ. ಹೊರಡುವಾಗ ಕಾವಲುಗಾರನೇ ಬಂದು ಅವನ ಫೋನ್ ನಂಬರ್ ಬರೆದುಕೊಂಡ.

ಅಮ್ಮ ಒಪ್ಪುವಳೇ? ಒಪ್ಪುವುದಿಲ್ಲ. ಅವಳಿಗೂ ನನಗೂ ಒಂದು ಗಂಟೆ ಒಟ್ಟಿಗೆ ಕೂತರೆ ಎರಡು ಜಗಳ. "ನೀನು ಚುಚ್ಚಿದ್ರೆ ನೋಯುತ್ತೆ, ಅವಳ ಕೈ ಹೂವು" ಎಂದು ಮೊದಲ ದಿನವೇ ಹೇಳುತ್ತಾಳೆ, ಹೇಳುವಾಗ ಇಡೀ ಬೀದಿಗೆ ಕೇಳಿಸುತ್ತಾಳೆ. ನಿಮ್ಮನ್ನು ಎದುರಿಗೆ ಹೊಗಳದವಳು ನೀವು ಹೋದ ಮೇಲೆ ದಿನವೆಲ್ಲ ಹೊಗಳಿ ನನ್ನ ಜೀವ ತಿನ್ನುತ್ತಾಳೆ. ತಿನ್ನಲಿ. ಎರಡು ವರ್ಷ ಆ ಹೊಗಳಿಕೆ ಕೇಳುವುದಕ್ಕೆ ನನಗೆ ಅಭ್ಯಂತರವಿಲ್ಲ. ನನ್ನದೂ ಅದೇ ಅಭಿಪ್ರಾಯ.

ನೀವು ಬೇಡವೆಂದು ಈಗಾಗಲೇ ಬರೆದು ಪೆಟ್ಟಿಗೆಗೆ ಹಾಕಿದ್ದರೆ ಎಂಬುದೊಂದೇ ನನ್ನ ಹೆದರಿಕೆ. ಹಾಕಿದ್ದರೆ ಇನ್ನೊಂದು ಬರೆಯಿರಿ. ಮೊದಲಿನದು ತಪ್ಪು ಪತ್ರ ಎಂದು ಬರೆಯಿರಿ. ಆ ಹಿರಿಯರು ಕೋಪಿಸಿಕೊಳ್ಳುವವರಲ್ಲ. ಅವರ ಕನ್ನಡಕ ಸರಿಮಾಡಿ ಕೊಡುತ್ತೇನೆಂದೂ ಬೇಕಿದ್ದರೆ ಸೇರಿಸಿ. ತಿಂಗಳ ಕೊನೆಗೆ ಇನ್ನೂ ಹನ್ನೊಂದು ದಿನ ಇದೆ.

ನಾನು ತೀರ್ಮಾನಿಸಿದ್ದು ಇಷ್ಟು. ಚಿಕಿತ್ಸಾಲಯದ ನರ್ಸ್ ನಾಡಿದ್ದು ಶನಿವಾರ ಸಂಜೆ ನಾಲ್ಕಕ್ಕೆ ಬರಹೇಳಿದ್ದಾರೆ. ಕಿತ್ತಳೆ ಹಣ್ಣಿಗೆ ಚುಚ್ಚಿ ಕಲಿಸುತ್ತಾರಂತೆ, ಆಮೇಲೆ ನನ್ನದೇ ಹೊಟ್ಟೆಗೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ. ಆ ದಿನದ ಸೂಜಿ ನನ್ನದು. ನೀವು ಪಕ್ಕದಲ್ಲಿ ಕೂತು ನೋಡಿ, ಓರೆಯಾದರೆ ತಿದ್ದಿ, ಆದರೆ ಕೈಯಿಂದ ಕಿತ್ತುಕೊಳ್ಳಬೇಡಿ. ಅದಾದ ಮೇಲೆ ಅಣ್ಣನನ್ನು ಕೂರಿಸಿಕೊಂಡು ನೀವೇ ಎಲ್ಲ ಹೇಳಬೇಕು, ಅದು ನನ್ನ ಬಾಯಿಂದ ಬರಬಾರದು. ನೀವು ಹೊರಡುವ ದಿನ ನಾನು ಈ ಎರಡು ಕೋಣೆಗಳನ್ನು ಬಿಟ್ಟು ಅಮ್ಮನ ಮನೆಗೆ ಬರುತ್ತೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಕೋಣೆಯ ಮಾಲೀಕರಿಗೂ ಹೇಳಿಲ್ಲ. ಪುಸ್ತಕಗಳು ಗೋಡೆಯ ಕಪಾಟಿನಲ್ಲಿ ಹಾಗೆಯೇ ಇವೆ, ಒಂದನ್ನೂ ಇಳಿಸಿಲ್ಲ. ಈ ಕಾಗದ ಬಿಟ್ಟರೆ ಇನ್ನೂ ಏನೂ ನಡೆದಿಲ್ಲ.

ನಿಮ್ಮ ಕೈಗೆ ದೃಷ್ಟಿ ತಾಗದಿರಲಿ. ಕಟ್ಟಿದ್ದೆಲ್ಲ ಹಿಡಿಯಲಿ.

ಭಾನುವಾರ ಏಳಕ್ಕೆ ಬಾಗಿಲು ತೆರೆದಿಡಿ.

ನಿಮ್ಮ ನಾದಿನಿ